ಬಗಲಚೀಲದಲ್ಲಿ ಒಂದು ದುರ್ಬೀನು

ಚೀಟಿ ದುಡ್ಡು ಕೈಗೆ ಬಂದಾಗ ನೀವೇನು ಮಾಡುತ್ತೀರಿ? ಒಂದು ಜೊತೆ ಬಳೆ, ಇಲ್ಲದಿದ್ದರೆ ಹೊಸ ಮಿಕ್ಸಿ, ಅದೂ ಇಲ್ಲವೆಂದರೆ ಮಗನ ಯಾವುದೋ ಕಂತು. ಹೌದು ತಾನೆ? ನಾನೂ ಮೂವತ್ತೈದು ವರ್ಷ ಅದನ್ನೇ ಮಾಡಿದವಳು. ಆದರೆ 2025ರ ಜನವರಿಯಲ್ಲಿ ಚೀಟಿ ಎತ್ತಿ ನಾನು ಕೊಂಡದ್ದು ಒಂದು ದುರ್ಬೀನು. ಟೆಲಿಸ್ಕೋಪು ಅಂತಾರಲ್ಲ, ಅದೇ.

ಸುದ್ದಿ ಕೇಳಿ ನಾದಿನಿ ಫೋನು ಮಾಡಿದಳು. "ಅತ್ತಿಗೆ, ಮೈಗೆ ಹುಷಾರಾಗಿದ್ದೀರಿ ತಾನೆ?" ಅಂತ. ನಮ್ಮ ಮನೆಯವರು ಬಾಯಲ್ಲಿ ಬೇಡ ಅನ್ನಲಿಲ್ಲ, ಆದರೆ ಕನ್ನಡಕ ಹಣೆಗೇರಿಸಿ, "ಇದರಿಂದ ಏನುಪಯೋಗ?" ಅಂದರು. "ನೀವು ದಿನಾ ಮೂರು ಗಂಟೆ ಕ್ರಿಕೆಟ್ ನೋಡ್ತೀರಲ್ಲ, ಅದರಿಂದ ಏನುಪಯೋಗವೋ ಅದೇ" ಅಂದೆ. ಆಮೇಲೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲಿಲ್ಲ. ಅರವತ್ತು ದಾಟಿದ ಹೆಂಗಸು ತನಗೋಸ್ಕರ ಸೀರೆ ಕೊಂಡರೆ ಯಾರೂ ಕೇಳುವುದಿಲ್ಲ, ದೇವಸ್ಥಾನಕ್ಕೆ ಕೊಟ್ಟರೂ ಕೇಳುವುದಿಲ್ಲ. ಬರಿಯ ನೋಡುವ ಸುಖಕ್ಕೆ ಏನಾದರೂ ಕೊಂಡಳೋ, ಆಗ ಎಲ್ಲರಿಗೂ ಲೆಕ್ಕ ಬೇಕು.

ಈ ಆಸೆ ನಿನ್ನೆ ಮೊನ್ನೆಯದಲ್ಲ ನೋಡಿ. 1986ರಲ್ಲಿ ಹ್ಯಾಲಿ ಧೂಮಕೇತು ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಆಗ ನನಗೆ ಇಪ್ಪತ್ತೆರಡು. ನಮ್ಮವರು ಇಲ್ಲೇ ಜಾಲಹಳ್ಳಿಯ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯಲ್ಲಿದ್ದರು. ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ ಕಾಲೊನಿಯ ಗಂಡಸರು, ಹುಡುಗರು, ಒಂದಿಬ್ಬರು ಹೆಂಗಸರೂ ವ್ಯಾನು ಮಾಡಿಕೊಂಡು ತುಮಕೂರು ರಸ್ತೆಯಲ್ಲಿ ಊರಾಚೆ ಹೊರಟರು. ನಾನೂ ಸೀರೆ ಉಟ್ಟು ಸಿದ್ಧವಾಗಿದ್ದೆ. ಆದರೆ ಆರು ತಿಂಗಳ ಬಸುರಿ. "ಬಸುರಿ ಹೆಂಗಸು ಬಾಲಚುಕ್ಕಿ ನೋಡಬಾರದು" ಅಂತ ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸಿದರು. ಅವರು ಕೆಟ್ಟವರೇನಲ್ಲ, ಅವರತ್ತೆ ಅವರಿಗೆ ಹೇಳಿದ್ದನ್ನು ಅವರು ನನಗೆ ಹೇಳಿದರು. ಬೆಳಗಾದ ಮೇಲೆ ಇವರು ಬಂದು, "ಹತ್ತಿ ಉಂಡೆ ಹಾಗಿತ್ತು, ಅಂಥದ್ದೇನಿಲ್ಲ" ಅಂದರು. ಅಂಥದ್ದೇನಿಲ್ಲ ಅನ್ನುವುದಕ್ಕಾದರೂ ಒಂದು ಸಲ ನೋಡಿರಬೇಕಲ್ಲವೇ? ಅದು ಮತ್ತೆ ಬರುವುದು 2061ಕ್ಕೆ. ಆಗ ನನಗೆ ತೊಂಬತ್ತೇಳು!

ಅತ್ತೆ ಹೋಗಿ ಹದಿನಾರು ವರ್ಷವಾಯಿತು. ಹೊಟ್ಟೆಯಲ್ಲಿದ್ದ ಮಗ ಈಗ ಪುಣೆಯಲ್ಲಿ ಸಂಸಾರಸ್ಥ. ಹೀಗಿರುವಾಗ 2024ರ ಸೆಪ್ಟೆಂಬರ್ ಕೊನೆಯಲ್ಲಿ ಇನ್ನೊಂದು ಧೂಮಕೇತು ಬೆಂಗಳೂರಿನ ಬೆಳಗಿನ ಆಕಾಶದಲ್ಲಿ ಕಾಣಿಸಿಕೊಂಡಿತು. ಸುಚಿನ್‌ಶಾನ್-ಅಟ್ಲಾಸ್ ಅಂತ ನಾಲಿಗೆ ತಿರುಗದ ಹೆಸರು. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಮಹಡಿ ಮೇಲಿಂದ ಕೂಗಿದ, "ಆಂಟಿ, ಬೇಗ ಬನ್ನಿ!" ಹಾಲಿನ ಪಾತ್ರೆ ಒಲೆಯಿಂದ ಇಳಿಸಿ ಓಡಿದೆ. ಪೂರ್ವಕ್ಕೆ, ಮನೆಗಳ ಸಾಲಿನ ಮೇಲೆ, ಬರಿಗಣ್ಣಿಗೆ ಉಜ್ಜಿದ ಸೀಮೆಸುಣ್ಣದ ಗುರುತಿನಂತೆ ಏನೋ. ಅವನ ಪುಟ್ಟ ದುರ್ಬೀನಿನಲ್ಲಿ ಕಣ್ಣಿಟ್ಟರೆ ತಲೆಯೂ ಇತ್ತು, ಬಾಲವೂ ಇತ್ತು. ಐದೇ ನಿಮಿಷ. ಬೆಳಕು ಹರಿಯಿತು, ಅದು ಕರಗಿತು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಧೂಮಕೇತುವಿನಷ್ಟೇ ಆ ಕೊಳವೆ. ಒಂದು ಲೀಟರಿನ ಎರಡು ನೀರಿನ ಬಾಟಲು ಒಂದರ ಹಿಂದೆ ಒಂದಿಟ್ಟರೆ ಎಷ್ಟಿರುತ್ತದೋ ಅಷ್ಟೇ. ಅದನ್ನು ಅವನು ಒಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಅಂಗಡಿಗೆ ಹೋದಾಗ ಅಲ್ಲಿನವನು ಮೊದಲು ತೋರಿಸಿದ್ದು ನೀರಿನ ಡ್ರಮ್ಮಿನಂಥದ್ದು. "ದೊಡ್ಡದಾದಷ್ಟೂ ಒಳ್ಳೇದು ಮೇಡಂ" ಅಂದ. ಸುಳ್ಳಲ್ಲ. ಅಗಲವಾದ ಬಾಯಿ ಹೆಚ್ಚು ಬೆಳಕು ಹಿಡಿಯುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ, ಹ್ಯಾಲಿ ಬಂದ ಅದೇ 1986ರಲ್ಲಿ ಉದ್ಘಾಟನೆಯಾದ ದೂರದರ್ಶಕದ ಕನ್ನಡಿಯ ಅಗಲ 2.34 ಮೀಟರು, ನಮ್ಮ ಅಡಿಗೆಮನೆಯ ಗೋಡೆಯಷ್ಟು. ಅಂಥವೆಲ್ಲ ಕನ್ನಡಿಯವೇ ಆಗಬೇಕು, ಯಾಕೆಂದರೆ ಅಷ್ಟು ದೊಡ್ಡ ಗಾಜಿನ ಮಸೂರವನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬೇಕಾಗುತ್ತದೆ, ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಆದರೆ ಸಣ್ಣ ಅಳತೆಯಲ್ಲಿ ಮಸೂರದ್ದೇ ಸುಖ. ಕನ್ನಡಿಯದರ ಹಾಗೆ ಆಗಾಗ ಕೂಡಿಸಿ ಸರಿಮಾಡುವ ಕೆಲಸವಿಲ್ಲ. ಮುಚ್ಚಳ ತೆಗೆದರೆ ಆಯಿತು.

ನಮ್ಮ ಮನೆಯ ಮೂಲೆಯಲ್ಲಿ ಒಂದು ದೊಡ್ಡ ಗ್ರೈಂಡರ್ ಕೂತಿದೆ. ಹಿಟ್ಟು ಬೆಣ್ಣೆಯಂತೆ ಬರುತ್ತದೆ, ಒಪ್ಪುತ್ತೇನೆ. ಆದರೆ ವರ್ಷಕ್ಕೆ ನಾಲ್ಕು ಸಲ ಹಬ್ಬದ ದಿನ ಬಿಟ್ಟರೆ ಅದನ್ನು ಮುಟ್ಟುವವರಾರು? ದಿನಾ ಓಡುವುದು ಮಿಕ್ಸಿ. ಹಾಗಾಗಿ ನಾನು ಬಾಯಿ 70 ಮಿಲಿಮೀಟರ್ ಅಗಲ, ಉದ್ದಳತೆ 400 ಮಿಲಿಮೀಟರ್ ಇರುವ ಮಸೂರದ ದುರ್ಬೀನೇ ಸಾಕು ಅಂದೆ. ಸ್ಟ್ಯಾಂಡೂ ಸೇರಿ ಮೂರು ಕಿಲೋ ಒಳಗೆ. ಬಗಲಿಗೆ ಹಾಕುವ ಚೀಲವೂ ಜೊತೆಗೇ ಬಂತು.

ಕೊಳ್ಳುವ ಮನಸ್ಸಿದ್ದರೆ ಒಂದು ಮಾತು ಕೇಳಿ. ಡಬ್ಬದ ಮೇಲೆ "500 ಪಟ್ಟು ದೊಡ್ಡದು" ಎಂದು ಬರೆದಿದ್ದರೆ ಡಬ್ಬ ಅಲ್ಲೇ ಇಟ್ಟು ಬನ್ನಿ. ಎಷ್ಟು ಪಟ್ಟು ಎನ್ನುವುದು ಸುಲಭದ ಭಾಗಾಕಾರ: ಕೊಳವೆಯ ಉದ್ದಳತೆಯನ್ನು ಕಣ್ಣಿಡುವ ಮಸೂರದ ಅಳತೆಯಿಂದ ಭಾಗಿಸಿ. ನನ್ನದು 400. ಕಣ್ಣಿನ ಮಸೂರ 20 ಆದರೆ 20 ಪಟ್ಟು, 10 ಆದರೆ 40 ಪಟ್ಟು. ಬಾಯಿಯ ಅಗಲದ ಎರಡರಷ್ಟು, ಅಂದರೆ ನನ್ನದಕ್ಕೆ 140, ದಾಟಿದರೆ ಸಾರಿಗೆ ನೀರು ಹೊಯ್ದ ಹಾಗೆ: ಪಾತ್ರೆ ತುಂಬುತ್ತೆ, ರುಚಿ ಹೋಗುತ್ತೆ. ಇನ್ನೊಂದು, ಸಾಧಾರಣ ಗಾಜಿನಲ್ಲಿ ಚಂದ್ರನ ಸುತ್ತ ಬದನೇಕಾಯಿ ಬಣ್ಣದ ತೆಳು ಅಂಚು ಕಾಣುತ್ತದೆ, ಬಣ್ಣಗಳೆಲ್ಲ ಒಂದೇ ಕಡೆ ಕೂಡದಿರುವುದರಿಂದ. ಇ.ಡಿ. ಗಾಜು ಎಂಬುದರಲ್ಲಿ ಈ ಅಂಚು ಬಹುಮಟ್ಟಿಗೆ ಇಲ್ಲ. ಫೋಟೋದ ಹುಚ್ಚು ಗಟ್ಟಿಯಾಗಿದ್ದವರು ಅದಕ್ಕೇ ಹೋಗುತ್ತಾರೆ, ಬೆಲೆಯೂ ಎರಡು ಮೂರು ಪಟ್ಟು. ನನಗೆ ಅಂಚಿದ್ದರೂ ಸೀರೆ ಸೀರೆಯೇ.

ಸ್ಟ್ಯಾಂಡು ಸ್ವಲ್ಪ ನಡುಗುತ್ತಿತ್ತು. "ಏನುಪಯೋಗ" ಅಂದಿದ್ದವರೇ ಎರಡನೇ ದಿನ ಸ್ಕ್ರೂ ಡ್ರೈವರ್ ತಂದು ಕೂತರು. ಗಡಿಯಾರದ ಸಣ್ಣ ಸಣ್ಣ ಚಕ್ರಗಳ ಜೊತೆ ಆಯುಷ್ಯ ಕಳೆದ ಕೈ ಅದು. 1961ರಲ್ಲಿ ಶುರುವಾಗಿದ್ದ ಆ ಕಾರ್ಖಾನೆಯ ಗಡಿಯಾರ ಕಟ್ಟದ ಮನೆ ಒಂದು ಕಾಲಕ್ಕೆ ಕಡಿಮೆಯಿತ್ತು. 2016ರಲ್ಲಿ ಸರ್ಕಾರ ಗಡಿಯಾರದ ವಿಭಾಗ ಮುಚ್ಚಲು ತೀರ್ಮಾನಿಸಿದಾಗಿನಿಂದ ಇವರು ಸುಮ್ಮನಾಗಿಬಿಟ್ಟಿದ್ದರು. ತಿರುಪುಗಳನ್ನೆಲ್ಲ ಬಿಗಿಮಾಡಿ, ಮೂರು ಕಾಲಿನ ನಡುವೆ ಎರಡು ಕಿಲೋ ಅಕ್ಕಿ ಚೀಲ ನೇತುಹಾಕಿ, "ಈಗ ನೋಡು" ಅಂದರು. ನಡುಕ ನಿಂತಿತ್ತು. ಅವರೂ ಆಮೇಲೆ ಮಹಡಿ ಬಿಟ್ಟು ಇಳಿಯಲಿಲ್ಲ.

ಜಾಲಹಳ್ಳಿಯ ಆಕಾಶ ಕಪ್ಪಲ್ಲ. ಪೀಣ್ಯದ ಕಡೆಯಿಂದ ರಾತ್ರಿಯಿಡೀ ಕಿತ್ತಳೆ ಬೆಳಕು, ಎದುರಿಗೆ ಬೀದಿದೀಪ. ನಾನು ಮಾಡಿದ್ದು ಇಷ್ಟೇ: ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಹಳೇ ಸೀರೆ ಅಡ್ಡ ಕಟ್ಟಿದೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಕೊಡಬೇಕು, ಆ ಹೊತ್ತಿನಲ್ಲಿ ಮೊಬೈಲು ನೋಡಬಾರದು. ಮಸೂರದ ಮೇಲೆ ಧೂಳು ಕೂತರೆ ದಯವಿಟ್ಟು ಸೆರಗಿನಿಂದ ಒರೆಸಬೇಡಿ, ಊದುವ ರಬ್ಬರ್ ಬುರುಡೆ ಸಿಗುತ್ತದೆ. ಮಂಜು ಕೂತರೆ ತಾನಾಗಿ ಆರಲಿ. ಮತ್ತೆ ಇದನ್ನು ಮಕ್ಕಳಿರುವ ಮನೆಯವರು ಬರೆದಿಟ್ಟುಕೊಳ್ಳಿ: ಹಗಲು ಸೂರ್ಯನ ಕಡೆ ಕೊಳವೆ ತಿರುಗಿಸಿ ಕಣ್ಣಿಟ್ಟರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮುಂದಿನ ಬಾಯಿಗೇ ಹಾಕುವ ಸೌರ ಫಿಲ್ಟರ್ ಇಲ್ಲದೆ ಆ ಕೆಲಸ ಕೂಡದು. ಹಗಲು ನಮ್ಮದು ಬೀರುವಿನಲ್ಲಿ, ಬೀಗದಲ್ಲಿ.

ಮೊದಲ ಫೋಟೋ ತೆಗೆದದ್ದು ಅಷ್ಟಮಿಯ ಚಂದ್ರನದು. ಮೊಬೈಲನ್ನು ಕಣ್ಣಿಡುವ ಜಾಗಕ್ಕೆ ಹಿಡಿಸುವ ಒಂದು ಹಿಡಿಕೆ ಸಿಗುತ್ತದೆ. ಹುಣ್ಣಿಮೆಗಿಂತ ಅರ್ಧ ಚಂದ್ರನೇ ಚೆನ್ನ. ಬೆಳಕೂ ನೆರಳೂ ಕೂಡುವ ಗೆರೆಯಲ್ಲಿ ಕುಳಿಗಳೆಲ್ಲ ಎದ್ದು ಕಾಣುತ್ತವೆ, ದೋಸೆಯ ಮೇಲಿನ ತೂತಿನ ಹಾಗೆ. ಮನೆಯ ವಾಟ್ಸಾಪಿಗೆ ಹಾಕಿದರೆ ಮಗ, "ಅಮ್ಮಾ, ಎಲ್ಲಿಂದ ಡೌನ್‌ಲೋಡ್ ಮಾಡಿದೆ?" ಅಂದ. ನನಗೆ ಬಂದ ಕೋಪ! ಚುಕ್ಕಿಗಳ ಫೋಟೋ ಮಾತ್ರ ಅಷ್ಟು ಸಲೀಸಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಜೊತೆಜೊತೆಗೆ ತಿರುಗುವ ಮೋಟಾರಿನ ಸ್ಟ್ಯಾಂಡು ಬೇಕು. ಅದು ಮುಂದಿನ ಚೀಟಿಗೆ.

ಈಗ ನನ್ನ ಮನಸ್ಸಿನಲ್ಲಿದ್ದ ನಿಜವಾದ ವಿಷಯಕ್ಕೆ ಬರುತ್ತೇನೆ. ಅರ್ಚನೆ ಮಾಡಿಸುವಾಗ ನಾವೆಲ್ಲ ಗಡಗಡ ನಕ್ಷತ್ರ ಹೇಳುತ್ತೇವೆ. ಗಂಡನದು, ಮಕ್ಕಳದು, ಸೊಸೆಯದು, ಮೊಮ್ಮಗುವಿನದು. ಅದನ್ನು ಆಕಾಶದಲ್ಲಿ ನೋಡಿದ್ದೀರಾ? ನಮ್ಮವರದು ಸ್ವಾತಿ. ಬೇಸಿಗೆಯ ರಾತ್ರಿ ಯಾರು ಬೇಕಾದರೂ ಗುರುತಿಸಬಹುದು, ಅಷ್ಟು ಪ್ರಕಾಶ. ನನ್ನದು ಪುಷ್ಯ. ಜಾಲಹಳ್ಳಿಯಲ್ಲಿ ಬರಿಗಣ್ಣಿಗೆ ಆ ಜಾಗ ಖಾಲಿ! ಆದರೆ 20 ಪಟ್ಟಿನಲ್ಲಿ ಅಲ್ಲಿಗೆ ತಿರುಗಿಸಿದರೆ ಪುಷ್ಯದ ಪಕ್ಕದಲ್ಲೇ ಒಂದು ನಕ್ಷತ್ರಗುಚ್ಛ, ಜೇನುಗೂಡು ಅಂತ ಅದರ ಹೆಸರು. ಸುಮಾರು 600 ಜ್ಯೋತಿರ್ವರ್ಷ ದೂರ. ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗ ಹೊರಟ ಬೆಳಕು ನನ್ನ ಕಣ್ಣಿಗೆ ಬಿತ್ತು. ನಮ್ಮವರನ್ನು ಕರೆದು ತೋರಿಸಿದೆ. "ನಿಂದು ಇಷ್ಟೊಂದಾ?" ಅಂದರು.

ಇದನ್ನು ಅಮ್ಮನಿಗೆ ತೋರಿಸಬೇಕು ಅನ್ನಿಸಿತು. ನನ್ನ ತವರು ಗೌರಿಬಿದನೂರಿನ ಹತ್ತಿರ ಒಂದು ಹಳ್ಳಿ. ನಾನು ಲಂಗ ಹಾಕುವ ವಯಸ್ಸಿನಲ್ಲಿ ಅಲ್ಲಿ ಆಕಾಶದ ರೇಡಿಯೋ ಅಲೆ ಹಿಡಿಯಲು ಬಯಲ ತುಂಬ ಕಂಬ ನೆಟ್ಟು ತಂತಿ ಕಟ್ಟಿದರು. ನಾವು ಹುಡುಗರೆಲ್ಲ ಸೂರ್ಯನಿಗೆ ಬೇಲಿ ಹಾಕುತ್ತಿದ್ದಾರೆ ಅಂದುಕೊಂಡಿದ್ದೆವು. 2025ರ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಂತು. ಅಮಾವಾಸ್ಯೆಯ ಹಿಂದಿನ ರಾತ್ರಿ, ಚಂದ್ರನ ಕಾಟವಿಲ್ಲ. ಹೇಗೂ ಜಾಗರಣೆ. ಇದಕ್ಕಿಂತ ಒಳ್ಳೇ ದಿನ ಎಲ್ಲಿದೆ? ಯಶವಂತಪುರದಲ್ಲಿ ರೈಲು ಹತ್ತಿದೆವು. ಚೀಲ ತೊಡೆಯ ಮೇಲೆ. ಎದುರಿಗೆ ಕೂತವರು ವೀಣೆಯೇ ಅಂತ ಕೇಳಿದರು.

ಅಮ್ಮನಿಗೆ ಎಂಬತ್ತಾರು. ಎರಡೂ ಕಣ್ಣಿಗೆ ಪೊರೆ ತೆಗೆಸಿ ಮಸೂರ ಕೂರಿಸಿದೆ. ಮುಸ್ಸಂಜೆಗೆ ಅಂಗಳದಲ್ಲಿ ಸ್ಟೂಲು ಹಾಕಿ ಕೂರಿಸಿ, ಮೊದಲು ಪಶ್ಚಿಮದ ಬೆಳ್ಳಿ ತೋರಿಸಿದೆ. ಗಡಿಯಾರ ಇಲ್ಲದ ಕಾಲದಲ್ಲಿ ಬೆಳ್ಳಿ ನೋಡಿಕೊಂಡು ಎದ್ದು ರಾಗಿ ಬೀಸಿದವಳು ಅವಳು. ದುರ್ಬೀನಿನಲ್ಲಿ ಅದು ಚುಕ್ಕಿಯಲ್ಲ, ಬಿದಿಗೆ ಚಂದ್ರನಂತೆ ಕೊಕ್ಕೆ. ಶುಕ್ರ ನಮಗೂ ಸೂರ್ಯನಿಗೂ ನಡುವೆ ಬರುವ ಹೊತ್ತಿಗೆ ಹೀಗೆ ಸವೆಯುತ್ತದೆ. ಅಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಬೆಳ್ಳೀನೂ ಕರಗ್ತದೇನೇ?" ಅಂದಳು. ಆಮೇಲೆ ರೋಹಿಣಿಯ ಹತ್ತಿರವಿದ್ದ ಗುರು, ಅದರ ಅಕ್ಕಪಕ್ಕ 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಚಂದ್ರರು. ಹತ್ತು ಗಂಟೆ ಹೊತ್ತಿಗೆ ನೆತ್ತಿಯ ಮೇಲೆ ನನ್ನ ಪುಷ್ಯ. "ಗಸಗಸೆ ಚೆಲ್ಲಿದ ಹಾಗದೆ" ಅಂದಳು.

"ನಿಂದು ಯಾವುದಮ್ಮ?" ಅಂತ ಕೇಳಿದೆ. ಆಮೇಲೆ ನೆನಪಾಯಿತು. ಅಮ್ಮನಿಗೆ ಜನ್ಮನಕ್ಷತ್ರ ಗೊತ್ತಿಲ್ಲ. ಅವಳ ಅಣ್ಣಂದಿರದು ಜಾತಕ ಬರೆಸಿದ್ದರು, ಹೆಣ್ಣುಮಕ್ಕಳದು ಯಾರೂ ಬರೆದಿಡಲಿಲ್ಲ. ಆಯುಷ್ಯವಿಡೀ ಅರ್ಚನೆಗೆ ಅಪ್ಪನ ನಕ್ಷತ್ರ ಹೇಳಿ, ತನ್ನ ಸರದಿಗೆ "ಹೆಸರಿನ ಮೇಲೆ ಮಾಡ್ರಪ್ಪ" ಅನ್ನುತ್ತಿದ್ದಳು.

ಅಮ್ಮ ಬೇಜಾರೇನೂ ಮಾಡಿಕೊಳ್ಳಲಿಲ್ಲ. ತಲೆಯೆತ್ತಿ, ಸ್ವಲ್ಪ ಪಶ್ಚಿಮಕ್ಕೆ ವಾಲಿದ್ದ ಮಹಾವ್ಯಾಧನ ಭುಜದ ಕೆಂಪು ಚುಕ್ಕಿಯ ಕಡೆ ಕೈ ಮಾಡಿದಳು. "ಅದು ಯಾವುದು?"

"ಆರಿದ್ರ."

"ಮಳೆ ಆರಿದ್ರಾನಾ?"

"ಅದೇ. ಸೂರ್ಯ ಅದರ ಹತ್ತಿರ ಬಂದಾಗ ಬೀಳೋದೇ ಆರಿದ್ರ ಮಳೆ. ಶಿವನ ನಕ್ಷತ್ರ."

ತಿರುಗಿಸಿ ತೋರಿಸಿದೆ. ನಕ್ಷತ್ರ ಇಂಥ ದುರ್ಬೀನಿನಲ್ಲಿ ಹಣ್ಣಿನಂತೆ ದುಂಡಗೆ ಕಾಣುವುದಿಲ್ಲ, ಚುಕ್ಕಿಯೇ. ಆದರೆ ಬಣ್ಣ ಗಾಢವಾಗುತ್ತದೆ. ಊದಿದ ಕೆಂಡದ ಹಾಗಿತ್ತು. ಎಪ್ಪತ್ತು ವರ್ಷ ಆ ಮಳೆಗೆ ಕಾದು ರಾಗಿ ಬಿತ್ತಿಸಿದವಳು ಮಸೂರಕ್ಕೆ ಕಣ್ಣಿಟ್ಟೇ ಇದ್ದಳು.

ಬೆಳಿಗ್ಗೆ ಈಶ್ವರನ ಗುಡಿಯಲ್ಲಿ ಪೂಜಾರಿಗಳು ಹೆಸರು, ನಕ್ಷತ್ರ ಕೇಳಿದರು. ಅಮ್ಮ ತನ್ನ ಹೆಸರು ಹೇಳಿ, "ಆರಿದ್ರ" ಅಂದಳು. ಅಷ್ಟು ವರ್ಷದಿಂದ ಅವಳನ್ನು ಬಲ್ಲವರು, ತಲೆಯೆತ್ತಿ ನನ್ನ ಮುಖ ನೋಡಿದರು.

"ಮಿಥುನ ರಾಶಿ" ಅಂದೆ ನಾನು.