ಅಪ್ಪನ ಗದ್ದ

ನನ್ನ ಕೆಳದವಡೆ ಮುಂದೆ ಚಾಚಿದೆ, ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡಲ್ಲ. ಸೀಬೆಕಾಯಿ ಕಚ್ಚಿ ತಿಂದವಳೇ ಅಲ್ಲ ನಾನು, ಹೆಚ್ಚಿಕೊಂಡೇ ತಿನ್ನಬೇಕು.

ಡಾಕ್ಟರು ಎಕ್ಸ್-ರೇ ಮೇಲೆ ಪೆನ್ನಿಟ್ಟು ವಿವರಿಸಿದರು. ಬಾಯಿಯ ಒಳಗಿನಿಂದಲೇ ದವಡೆ ಮೂಳೆಯನ್ನು ಎರಡೂ ಬದಿ ಸೀಳಿ, ಹಿಂದಕ್ಕೆ ಸರಿಸಿ, ಟೈಟಾನಿಯಂ ಪಟ್ಟಿ, ಸ್ಕ್ರೂ ಹಾಕಿ ಕೂರಿಸುವುದು. ಕೆಲವು ವಾರ ಗಂಜಿ, ಜ್ಯೂಸು. ಇಷ್ಟಕ್ಕೆಲ್ಲ ತಲೆಯಾಡಿಸಿದೆ. ಮೂಳೆಯೊಳಗೆ ಹಾದುಹೋಗುವ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಜೋಮು ಹಿಡಿಯಬಹುದು, ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಪೂರ್ತಿ ಹೋಗಲ್ಲ ಅಂದಾಗ ಕೈ ತಾನಾಗಿ ಗದ್ದಕ್ಕೆ ಹೋಯಿತು.

ಮೊದಲು ಹಲ್ಲಿಗೆ ಕ್ಲಿಪ್ಪು ಹಾಕಿಸಿ, ಆಪರೇಷನ್ ಆಮೇಲೆ ಯೋಚಿಸೋಣ ಅನ್ನೋ ಹಾಗೂ ಇಲ್ಲ. ಆ ಕ್ಲಿಪ್ಪು ಒಂದು ವರ್ಷಕ್ಕೂ ಹೆಚ್ಚು ಕಾಲ ಇರಬೇಕಂತೆ. ಅದು ಹಲ್ಲುಗಳನ್ನು ಆಪರೇಷನ್ನಿಗೆಂದೇ ಜೋಡಿಸುವಾಗ ಕೆಳಹಲ್ಲು ಇನ್ನಷ್ಟು ಮುಂದೆ ಬರುತ್ತೆ. ಅರ್ಧಕ್ಕೆ ಬಿಟ್ಟರೆ ಈಗಿನದಕ್ಕಿಂತ ಕಡೆ.

ಅಮ್ಮ "ಮಾಡಿಸ್ಕೋ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಸೊಪ್ಪು ಬಿಡಿಸುತ್ತಾ, "ಅದು ನಿಮ್ಮಪ್ಪನ ಗದ್ದ ಕಣೇ" ಅಂದಳು. ಅಪ್ಪ ಹೋಗಿ 6 ವರ್ಷ. ಅವರೂ ಸೀಬೆಕಾಯಿ ತೆಳ್ಳಗೆ ಹೆಚ್ಚಿ, ಉಪ್ಪು ಖಾರ ಸವರಿಯೇ ತಿನ್ನುತ್ತಿದ್ದರು. ನಾನದನ್ನು ಶೋಕಿ ಅಂದ್ಕೊಂಡಿದ್ದೆ.

ಸೋಮವಾರ ಕ್ಲಿಪ್ಪು ಹಾಕಿಸೋಕೆ ಹೋಗ್ತಿದ್ದೀನಿ. ಪಕ್ಕದಿಂದ ಒಂದು ಫೋಟೊ ತೆಗಿ ಅಂತ ಅಮ್ಮನ ಕೈಗೆ ಮೊಬೈಲು ಕೊಟ್ಟೆ. ಎರಡರಲ್ಲಿ ಬೆರಳು ಅಡ್ಡ ಬಂದಿದೆ, ಮೂರನೆಯದು ಪರವಾಗಿಲ್ಲ.