ವಿಜಾಪುರ ರಸ್ತೆಗೆ ತಕ್ಕ ಶಿರಸ್ತ್ರಾಣ

ವಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಸೊಲ್ಲಾಪುರದ ವಿಜಾಪುರ ರಸ್ತೆ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಭೀಮೆಯ ಈಚೆ ಟಾಕಳಿ, ಆಚೆ ಧೂಳಖೇಡ. ಸೇತುವೆ ದಾಟಿದರೆ ರಾಜ್ಯ ಬದಲಾಗುತ್ತದೆ, ಮನೆಮಾತು ಬದಲಾಗದು. ಹೆದ್ದಾರಿ ಚತುಷ್ಪಥವಾದ ಮೇಲಂತೂ ಬೀಗರ ಮನೆಗೆ, ಜಾತ್ರೆಗೆ ನಮ್ಮವರು ಮೋಟಾರ್ ಸೈಕಲ್ಲಿನಲ್ಲಿಯೇ ಹೊರಡುತ್ತಾರೆ.

ಪ್ರಯಾಣವೆಲ್ಲ ಹೆದ್ದಾರಿಯಲ್ಲಿಯೇ ಮುಗಿಯುವುದಿಲ್ಲವಷ್ಟೆ. ಭೀಮಾ-ಸೀನಾ ಸಂಗಮದ ಹತ್ತರಸಂಗ ಕೂಡಲಕ್ಕೆ ಹೋಗುವವರು ಎಡಕ್ಕೆ ಹಳ್ಳಿಯ ದಾರಿ ಹಿಡಿಯಬೇಕು. ಅಲ್ಲಿನ ಸಂಗಮೇಶ್ವರ ದೇವಾಲಯದಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಮರಾಠಿ ಶಾಸನವಿದೆ. ಪಕ್ಕದಲ್ಲಿ ಮೈತುಂಬ ಶಿವಮುಖಗಳನ್ನು ಕಂಡರಿಸಿದ ಅಪೂರ್ವ ಲಿಂಗವಿದೆ. ಹೊಳೆಸಾಲಿನ ಹೊಲದ ದಾರಿಗಳಲ್ಲಿ ಬೇಸಿಗೆಗೆ ಧೂಳು, ಮಳೆಗೆ ಚಕ್ರಕ್ಕೆ ಮೆತ್ತುವ ಎರೆಮಣ್ಣು, ಸುಗ್ಗಿಗೆ ಕಬ್ಬಿನ ಟ್ರಾಕ್ಟರುಗಳು. ಇಲ್ಲಿಗೆ ಬರುತ್ತಲೇ ಸವಾರನು ಸೆಕೆ ತಾಳದೆ ಶಿರಸ್ತ್ರಾಣವನ್ನು ತೆಗೆದು ಮೊಣಕೈಗೆ ಸಿಕ್ಕಿಸಿಕೊಳ್ಳುತ್ತಾನೆ. ಜಾರಿ ಬೀಳುವ ಭಯವಾದರೋ ಇಲ್ಲಿಯೇ ಹೆಚ್ಚು!

ಆದುದರಿಂದ ಎರಡೂ ದಾರಿಗಳಲ್ಲಿ ತಲೆಯ ಮೇಲೆ ಉಳಿಯುವಂಥದನ್ನೇ ಆರಿಸಬೇಕು. ಗದ್ದವನ್ನೂ ಮುಚ್ಚುವ ಪೂರ್ಣ ಶಿರಸ್ತ್ರಾಣವೇ ಮೇಲು. ಆದರೆ ಗಾಳಿಕಿಂಡಿಗಳು ಧಾರಾಳವಾಗಿರಲಿ. ಹಣೆಯ ಮೇಲಿನ ಚಾಚು ಬಿಸಿಲನ್ನೂ ಸಿಡಿಯುವ ಕೆಸರನ್ನೂ ತಡೆಯುತ್ತದೆ. ಹೆದ್ದಾರಿಯ ವೇಗದಲ್ಲಿ ಅದೇ ಗಾಳಿಗೆ ಸಿಕ್ಕಿ ಕತ್ತನ್ನು ಎಳೆಯುತ್ತದೆ. ಬಿಚ್ಚಿ ಹಾಕಬಹುದಾದ ಚಾಚು ನಮ್ಮ ದಾರಿಗೆ ಒಪ್ಪುವಂಥದು. ಬರಿಯ ಕನ್ನಡಕದ ಮಾದರಿಗಿಂತ ಮೇಲೆತ್ತುವ ಗಾಜು ಇರುವುದು ಅನುಕೂಲ. ಸಂಜೆಯಾಗಿ ಹಿಂತಿರುಗುವವರಿಗೆ ಕಪ್ಪು ಗಾಜು ಬೇಡ.

ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗದೆ, ಹತ್ತು ನಿಮಿಷ ತೊಟ್ಟು ನೋಡುವುದು ಲೇಸು. ಕೆನ್ನೆಯನ್ನು ಒತ್ತಬೇಕು, ಹಣೆಯನ್ನು ನೋಯಿಸಬಾರದು. ಪಟ್ಟಿ ಬಿಗಿದು ಹಿಂದಿನಿಂದ ಎತ್ತಿದರೆ ಕಳಚಿ ಬರಬಾರದು. ಐ.ಎಸ್. 4151ರ ಐ.ಎಸ್.ಐ. ಗುರುತು 2021ರ ಜೂನ್ 1ರಿಂದ ಕಡ್ಡಾಯವಾಗಿದೆ. ಪೆಟ್ಟನ್ನು ಹೀರುವುದು ಒಳಗಿನ ಥರ್ಮೋಕೋಲಿನಂಥ ಪದರ. ಒಮ್ಮೆ ಜಜ್ಜಿದರೆ ಅದು ಮತ್ತೆ ಉಬ್ಬದು. ಹೊರಗೆ ಗೆರೆಯೂ ಕಾಣದಿದ್ದರೂ ಬಿದ್ದ ಶಿರಸ್ತ್ರಾಣವನ್ನು ತಮ್ಮನಿಗೆ ದಾಟಿಸುವ ಉಳಿತಾಯ ಸಲ್ಲದು. ದೂರ ಹುಡುಕಬೇಕಾಗಿಲ್ಲ: ನಮ್ಮ ಬೆಳಗಾವಿಯ ವೇಗಾ ಸಂಸ್ಥೆಯೂ ಚಾಚಿನ ಮಾದರಿಗಳನ್ನು ಮಾಡುತ್ತದೆ.

ಇನ್ನು, ಹಿಂದೆ ಕುಳಿತ ಗೃಹಿಣಿಯ ತಲೆಯ ಮೇಲೆ ಸೆರಗೊಂದೇ ಇರುವುದನ್ನು ಈ ರಸ್ತೆಯಲ್ಲಿ ನಿತ್ಯ ಕಾಣುತ್ತೇವೆ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಅನ್ವಯಿಸುತ್ತದೆ. ಅಂಗಡಿಗೆ ಹೋಗುವಾಗ ಆಕೆಯನ್ನೂ ಕರೆದೊಯ್ದು, ತುರುಬನ್ನು ಕೆಳಗಿಳಿಸಿ ಕಟ್ಟಿಕೊಂಡೇ ಅಳತೆ ನೋಡಬೇಕು.