ಮುಧೋಳಕ್ಕೆ ಹೋದರೆ ತಾಯಿಯನ್ನು ನೋಡಿ ಬನ್ನಿ

ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬಾಗಲಕೋಟೆಯ ಕಡೆ ಹೊರಟಿದ್ದೀರಾ? ಹಾಗಾದರೆ ಇನ್ನೊಂದು ದಿನ ಕೈಯಲ್ಲಿಟ್ಟುಕೊಂಡು ಮುಧೋಳಕ್ಕೂ ಹೋಗಿ ಬನ್ನಿ. ಘಟಪ್ರಭೆಯ ದಂಡೆ, ದಾರಿಯುದ್ದಕ್ಕೂ ಕಬ್ಬಿನ ಹೊಲ. ಕವಿ ರನ್ನನ ಊರಿದು. ಆದರೆ ಹೊರಗಿನವರಿಗೆ ಮುಧೋಳವೆಂದರೆ ಮೊದಲು ನೆನಪಾಗುವುದು ನಾಯಿ!

ನೀಳ ಮೂತಿ, ಸಣ್ಣ ನಡು, ಉದ್ದನೆಯ ಕಾಲು, ಓಡಿದರೆ ಬಾಣ. ಇಲ್ಲಿನ ಘೋರ್ಪಡೆ ಅರಸರು ಈ ತಳಿಯನ್ನು ಅಕ್ಕರೆಯಿಂದ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ನಾಯಿ ಸಾಕಣೆಯೇ ಒಂದು ಆದಾಯ.

ಅಂಥ ಒಂದು ಮನೆಯಂಗಳದಲ್ಲಿ ಮರಿಗಳ ಬೆಲೆ ವಿಚಾರಿಸಿದಾಗ ಮನೆಯಾಕೆ ಹೇಳಿದ ಮಾತು ಕೇಳಿ: “ಮೊದಲ ತಾಯಿನ್ನ ನೋಡ್ರಿ ಅಕ್ಕಾರ, ಆಮ್ಯಾಲ ಮರಿ ನೋಡ್ರಿ. ತಾಯಿ ಹ್ಯಾಂಗೋ ಮರಿ ಹಂಗ.” ತಾಯಿ ಅಲ್ಲೇ ಬೇವಿನ ನೆರಳಲ್ಲಿ ಮಲಗಿತ್ತು. ಮರಿಗಳು ಹಾಲು ಕುಡಿಯುತ್ತಿದ್ದವು.

ಈಗ ನಮ್ಮ ಪೇಟೆಯ ಅಂಗಡಿ ನೆನಪಿಸಿಕೊಳ್ಳಿ. ಗಾಜಿನ ಪೆಟ್ಟಿಗೆಯಲ್ಲಿ ಹತ್ತಿಯ ಉಂಡೆಯಂಥ ಮರಿಗಳು. ಮಕ್ಕಳು ಸೆರಗು ಹಿಡಿದು ಎಳೆಯುತ್ತವೆ, ನಾವೂ ಕರಗುತ್ತೇವೆ. ಆದರೆ ತಾಯಿ ಎಲ್ಲಿ? ಕೇಳಿದರೆ “ಫಾರ್ಮಿನಿಂದ ಬರುತ್ತೆ ಮೇಡಂ” ಅಂತಾರೆ. ಆ ಫಾರ್ಮು ಎಷ್ಟೋ ಸಲ ಪಪ್ಪಿ ಮಿಲ್, ಅಂದರೆ ಮರಿ ಹೆರಿಸುವ ಗಿರಣಿ. ಇಕ್ಕಟ್ಟಿನ ಪಂಜರದಲ್ಲಿ ತಾಯಿಯನ್ನು ಕೂಡಿಹಾಕಿ, ಬೆದೆಗೆ ಬಂದಾಗಲೆಲ್ಲ ಕೂಡಿಸಿ, ಹಾಲು ಬಿಡುವ ಮೊದಲೇ ಮರಿ ಕಿತ್ತು ಮಾರುತ್ತಾರೆ. ಹೆರಲಾಗದ ದಿನ ಅದು ಬೀದಿಪಾಲು.

ಹೀಗೆ ಬಂದ ಮರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ನಮ್ಮ ಪರಿಚಯದ ಮನೆಯೊಂದಕ್ಕೆ ಮಗಳ ಹುಟ್ಟುಹಬ್ಬಕ್ಕೆಂದು ತಂದ ಮರಿ ವಾರದೊಳಗೆ ವಾಂತಿ, ರಕ್ತಭೇದಿಯಾಗಿ ಸತ್ತಿತು. ಪಾರ್ವೋ ಎಂದರು ವೈದ್ಯರು. ಆ ಹುಡುಗಿಗೆ ಸಮಾಧಾನ ಹೇಳುವವರು ಯಾರು?

ಕಾನೂನು ಇಲ್ಲವೆಂದಲ್ಲ. 2017ರ ಕೇಂದ್ರದ ನಿಯಮದಂತೆ ನಾಯಿ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 2018ರ ನಿಯಮದಂತೆ ಅಂಗಡಿಯವರೂ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣನ್ನು ಕೂಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜನ್ಮಕ್ಕೆ ಐದೇ. ಇಂಗ್ಲೆಂಡಿನಲ್ಲಂತೂ 2020ರ ಏಪ್ರಿಲಿನಿಂದ ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯಲ್ಲಿ ಮಾರುವುದೇ ನಿಷೇಧ. ಸಾಕಿದವರ ಮನೆಗೇ ಹೋಗಿ, ತಾಯಿಯ ಜೊತೆಗೇ ಮರಿ ನೋಡಬೇಕು. ವೇಲ್ಸಿನ ಇಂಥದೇ ಗಿರಣಿಯಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಎಂಬ ತಾಯಿನಾಯಿಯ ಹೆಸರೇ ಆ ಕಾನೂನಿಗೆ. ಮುಧೋಳದ ಆಕೆ ಹೇಳಿದ್ದೂ ಅದನ್ನೇ ಅಲ್ಲವೇ!

ಮರಿ ತರುವ ಮುಂಚೆ ಇಷ್ಟು ಮಾಡಿ. ತಾಯಿಯನ್ನು ತೋರಿಸಿ ಅನ್ನಿ. ನೆಪ ಹೇಳಿದರೆ ಎದ್ದು ಬನ್ನಿ. ನೋಂದಣಿ ಪತ್ರ, ಲಸಿಕೆ ಹಾಕಿಸಿದ ಚೀಟಿ ಕೇಳಿ. ಪಾಪ ಅನ್ನಿಸಿತೆಂದು ಪೆಟ್ಟಿಗೆಯ ಮರಿ ಕೊಂಡರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ತಾಯಿ ಮತ್ತೆ ಹೆರಬೇಕಾಗುತ್ತದೆ.

ಮುಧೋಳದಲ್ಲೂ ಕಣ್ಣು ಬಿಟ್ಟೇ ವ್ಯವಹರಿಸಿ. ಹೆಸರು ಬಂದಲ್ಲಿ ದುರಾಸೆಯೂ ಬರುತ್ತದೆ. ಮೇಲಾಗಿ ಇದು ಬೇಟೆಯ ನಾಯಿ, ಓಡಲು ಬಯಲು ಬೇಕು. ಎರಡು ಕೋಣೆಯ ಮನೆಯಿದ್ದವರು ನೋಡಿ ಸಂತೋಷಪಟ್ಟು ಬನ್ನಿ, ಸಾಕು. ಮರಿ ಬೇಕೇ ಬೇಕೆಂದರೆ ನಿಮ್ಮ ಬೀದಿಯಲ್ಲೇ ಒಂದು ಕಾದಿರುತ್ತದೆ. ಅದರ ತಾಯಿಯನ್ನಂತೂ ನೀವು ದಿನಾ ನೋಡಿದ್ದೀರಿ.